ಸಂತರ ಪಟ್ಟಿಯಲ್ಲಿಲ್ಲದ ಸೆರಾ

ಜೋಯಿಡಾದ ಕಾಡಿನೊಳಗೆ ಕರಂಜಿವಾಡ ಎಂಬ ಹನ್ನೊಂದು ಮನೆಗಳ ಸಿದ್ದಿ ಕೇರಿ ಇತ್ತು. ಇತ್ತು ಎಂದೇ ಹೇಳಬೇಕು, ಈಗ ಅದರ ಮೇಲೆ ನೀರು ನಿಂತಿದೆ. ಐದು ಮನೆ ಕ್ರೈಸ್ತರವು, ನಾಲ್ಕು ಹಿಂದೂಗಳವು, ಎರಡು ಮುಸಲ್ಮಾನರವು. ಮೂರು ದೇವರಿದ್ದರೂ ಅಜ್ಜಿ ಮಾತ್ರ ಒಬ್ಬಳೇ. ಗೋವಾದ ಯಾವುದೋ ಧಣಿಯ ಮನೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದ ಮಾಗ್ದಲೀನಾ ಎಂಬವಳ ಸಂತಾನವೇ ಈ ಹನ್ನೊಂದೂ ಮನೆ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಅವಳ ಹೆಸರಿನಲ್ಲಿ ಕಾಯಿ ಒಡೆಯುತ್ತಿದ್ದರು, ಹಿರಿಯಾಯಿ ಎಂದು ಕರೆಯುತ್ತಿದ್ದರು.

ಈ ಮಾಗ್ದಲೀನಾಳನ್ನು ಕಣ್ಣಾರೆ ಕಂಡವರಲ್ಲಿ ಕೊನೆಗೆ ಉಳಿದವಳು ಅವಳ ಮೊಮ್ಮಗಳು ಸೆರಾ. ಎಪ್ಪತ್ತಮೂರು ವರ್ಷ, ಬಾಯಲ್ಲಿ ನಾಲ್ಕು ಹಲ್ಲು, ಹದಿನೆಂಟು ಜನರಿಗೆ ಸಾಕಾಗುವಷ್ಟು ಮಾತು. ಕೇರಿಗೆಲ್ಲ ಅವಳು ಸೆರಾ ಆಯಿ. ಗಂಡ ಸತ್ತಾಗ ಅತ್ತಿದ್ದಳು, ಮಗ ಅಂಬಿಕಾನಗರಕ್ಕೆ ಕೆಲಸಕ್ಕೆ ಹೋದಾಗ ಬೈದಿದ್ದಳು, ಆಮೇಲೆ ಎರಡನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಹೊಟ್ಟೆಗೆ ಹಾಕಿಕೊಳ್ಳಲಾಗದ ಕೊರಗು ಒಂದೇ: ಅವಳ ಹೆಸರಿಗೆ ಹಬ್ಬವಿರಲಿಲ್ಲ.

ಅವಳು ಹುಟ್ಟಿದ ಮನೆಯಲ್ಲಿ ಒಂದು ಪದ್ಧತಿ. ಯಾರ ಹೆಸರಿನ ಸಂತನ ಹಬ್ಬವೋ ಆ ದಿನ ಅವರು ನೀರು ಹೊರಬೇಕಾಗಿಲ್ಲ, ಬೆಲ್ಲ ತೆಂಗಿನಹಾಲಿನ ಪಾಯಸದ ಮೊದಲ ಬಟ್ಟಲು ಅವರದು. ಅಣ್ಣ ಪೆದ್ರುವಿಗೆ ಜೂನಿನಲ್ಲಿ ಬರುತ್ತಿತ್ತು, ತಂಗಿ ಲುಸಿಯಾಳಿಗೆ ಡಿಸೆಂಬರಿನಲ್ಲಿ. ನಡುವಿನವಳಾದ ಸೆರಾಳಿಗೆ ಯಾವ ತಿಂಗಳಲ್ಲೂ ಇಲ್ಲ. ಮುನ್ನೂರ ಅರವತ್ತೈದು ದಿನವೂ ಅವಳೇ ನೀರು ಹೊತ್ತಳು.

ತಪ್ಪು ಅವಳಿಗೆ ಜ್ಞಾನಸ್ನಾನ ಮಾಡಿಸಿದ ಮುದಿ ಪಾದ್ರಿಯದು. ಸಂತರ ಹೆಸರು ಇಟ್ಟೂ ಇಟ್ಟೂ ಬೇಸತ್ತಿದ್ದನೋ ಏನೋ, ಆ ವರ್ಷ ಅವನು ಕಣ್ಣು ಮುಚ್ಚಿಕೊಂಡು ಬೈಬಲ್ ತೆರೆದು ಬೆರಳಿಗೆ ಸಿಕ್ಕ ಹೆಸರನ್ನೇ ಕೂಸುಗಳಿಗೆ ಇಡುತ್ತಿದ್ದ. ಇವಳ ಪಾಲಿಗೆ ಸೆರಾ ಸಿಕ್ಕಿತು. ಇಟ್ಟವನು ಮರುವರ್ಷವೇ ತೀರಿಕೊಂಡ, ಅದು ಯಾರ ಹೆಸರು ಎಂದು ಹೇಳುವವರೇ ಇಲ್ಲವಾದರು.

ಆಮೇಲೆ ಬಂದ ಒಬ್ಬೊಬ್ಬ ಪಾದ್ರಿಯ ತಲೆಯನ್ನೂ ಸೆರಾ ತಿಂದಳು. "ನನ್ನ ಸಾಂತ ಯಾರ್ರಿ?" ಒಬ್ಬ ಪಾದ್ರಿ, ಅಬ್ರಹಾಮನ ಹೆಂಡತಿ ಸಾರಾ ಎಂದು ತಿಳಿದುಕೊ, ಸಾಕು ಎಂದ. ಇನ್ನೊಬ್ಬಳ ಹಬ್ಬದಲ್ಲಿ ಕೂತು ಪಾಯಸ ತಿನ್ನುವ ಹೆಂಗಸು ಇವಳಲ್ಲ, ಒಪ್ಪಲಿಲ್ಲ. ಮತ್ತೊಬ್ಬ, ಎಲ್ಲ ಸಂತರ ಹಬ್ಬ ಅಂತ ಒಂದಿದೆಯಲ್ಲ, ಅದನ್ನೇ ಇಟ್ಟುಕೊ ಎಂದ. "ಎಲ್ಲಾರ್ದೂ ಅಂದ್ರ ಯಾರ್ದೂ ಅಲ್ರಿ," ಎಂದು ಎದ್ದು ಬಂದಿದ್ದಳು.

ಕೊನೆಗೆ ಬಂದವನು ಫಾದರ್ ಇನಾಸ. ಬೆಳಗಾವಿ ಕಡೆಯ ಹುಡುಗ, ಇನ್ನೂ ಮೂವತ್ತು ತುಂಬಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಅಪರೂಪದ ಗುಣದವನು. ಅವನು ಒಂದು ತಿಂಗಳು ಹುಡುಕಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಸೈಕಲ್ ತುಳಿದು ಬಂದ.

"ಸಿಕ್ಕಾಳ, ಆಯಿ. ಯಾಕೋಬನ ಮನಿಯವರು ಎಪ್ಪತ್ತು ಮಂದಿ ಬರಗಾಲದಾಗ ಐಗುಪ್ತಕ್ಕ ಹೋದ್ರಲ್ಲ, ಅವರ ಪಟ್ಟಿ ಐತಿ ಇಲ್ಲಿ. ಅವನ ಮಗ ಆಶೇರ ಅನ್ನಾವಂಗ ನಾಕು ಗಂಡಮಕ್ಕಳು. ಅವರ ತಂಗಿ ಸೆರಾ."

ಸೆರಾ ಆಯಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಏನ್ ಮಾಡಿದ್ಲ್ರಿ ಆಕಿ?"

"ಬರದಿಲ್ಲ."

"ಏನೂ ಬರದಿಲ್ಲ?"

"ಹೆಸರಷ್ಟ ಐತಿ. ಇನ್ನೊಂದು ಕಡೆ ಮತ್ತ ಬರ್ತದ. ನಾಕುನೂರು ವರ್ಷದ ಮ್ಯಾಲ ಐಗುಪ್ತ ಬಿಟ್ಟು ಬಂದ ಮಂದೀನ ಮೋಶೆ ಎಣಿಸಿದ್ನಲ್ಲ, ಆ ಪಟ್ಟಿಯೊಳಗೂ ಆಶೇರನ ಮಗಳು ಸೆರಾ ಅಂತ ಐತಿ. ಅಲ್ಲೂ ಹೆಸರಷ್ಟ."

ಸೆರಾ ಆಯಿ ಒಲೆಯ ಕಡೆ ತಿರುಗಿದಳು. "ಎಪ್ಪತ್ತು ಮಂದಿಗೆ ಅಡಗಿ ಮಾಡಿರಬೇಕ್ರಿ," ಎಂದಳು. "ಅದನ್ನ ಯಾರು ಬರೀತಾರ?"

ಫಾದರ್ ಇನಾಸನಿಗೆ ಆ ಮಾತು ಚುಚ್ಚಿತು. ಪುಣೆಯಲ್ಲಿ ತನಗೆ ಹಳೆಯ ಒಡಂಬಡಿಕೆ ಕಲಿಸಿದ ಗುರುಗಳಿಗೆ ಅಂದೇ ಕಾಗದ ಬರೆದ. ಬಹಳ ದಿನ ಉತ್ತರ ಬರಲಿಲ್ಲ.

ಅಷ್ಟರಲ್ಲಿ ಸಾವಿರದ ಒಂಬೈನೂರ ಎಂಬತ್ತಮೂರರ ಬೇಸಿಗೆ ಬಂತು. ಕೆಳಗೆ ಕಟ್ಟುತ್ತಿದ್ದ ಅಣೆಕಟ್ಟು ಮೇಲೇಳುತ್ತಿತ್ತು. ಬರುವ ಮಳೆಗಾಲಕ್ಕೆ ಕರಂಜಿವಾಡ ನೀರಿನೊಳಗೆ ಎಂದು ಸರ್ಕಾರದವರು ಹೇಳಿ ಹೋಗಿದ್ದರು. ಹಳಿಯಾಳದ ಕಡೆ ಜಾಗ ಕೊಟ್ಟಿದ್ದರು. ಸೋಮವಾರ ಲಾರಿ ಬರುತ್ತದೆ, ಸಾಮಾನು ಕಟ್ಟಿಡಿ ಎಂದಿದ್ದರು. ಹೆಂಚು, ಕೋಳಿ, ಒನಕೆ ಎಲ್ಲ ಕಟ್ಟಿದ್ದಾಯಿತು. ಆಗ ಊರ ಹಿರಿಯ ಪರಸಪ್ಪ ಒಂದು ಮಾತು ಎತ್ತಿದ.

"ಹಿರಿಯಾಯಿನ ಬಿಟ್ಟು ಹೆಂಗ ಹೋಗೂದು? ಧಣಿ ಕಡೆಯಿಂದ ಓಡಿ ಬಂದು ಇಲ್ಲಿ ಮಲಗ್ಯಾಳ. ಆಕಿನ್ನ ನೀರಾಗ ಮುಳುಗಿಸಿ ನಾವು ಲಾರಿ ಹತ್ತೂದೇನು? ಆಕಿ ಮುಂದ, ನಾವು ಹಿಂದ."

ಹನ್ನೊಂದು ಮನೆಯವರೂ ಹೌದೆಂದರು. ಆದರೆ ಹಿರಿಯಾಯಿ ಎಲ್ಲಿದ್ದಾಳೆ? ಅವಳು ಸತ್ತದ್ದು ಇನ್‌ಫ್ಲುಯೆಂಜಾ ಬಂದ ವರ್ಷ. ಮನೆಮನೆಯಲ್ಲೂ ಜನ ಮಲಗಿದ್ದರು, ಇಗರ್ಜಿಯ ಸ್ಮಶಾನದವರೆಗೆ ಹೊರುವ ಶಕ್ತಿ ಯಾರಿಗೂ ಇರಲಿಲ್ಲ. ಕಾಡಿನೊಳಗೆ ಒಂದು ಮತ್ತಿಮರದ ಕೆಳಗೆ ಹೂತು ಬಂದರು. ನೆಟ್ಟ ಕಟ್ಟಿಗೆಯ ಶಿಲುಬೆಯನ್ನು ಗೆದ್ದಲು ತಿಂದಿತು, ಮತ್ತಿಮರವನ್ನು ಗುತ್ತಿಗೆದಾರ ತಿಂದ. ಆಮೇಲೆ ಅಲ್ಲೆಲ್ಲ ಸಾಗವಾನಿ ನೆಟ್ಟರು. ಸಾಗವಾನಿ ಸಾಲಿನಲ್ಲಿ ಒಂದು ಮರಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ? ಎಲ್ಲರೂ ಸೆರಾ ಆಯಿಯ ಮುಖ ನೋಡಿದರು.

"ನನಗ ಗೊತ್ತೈತಿ," ಎಂದಳು ಸೆರಾ ಆಯಿ. "ಲದೀನ್ ಮುಗಿದಲ್ಲೆ ಐತಿ."

ಲದೀನ್ ಎಂದರೆ ಸಂತರ ಹೆಸರುಗಳ ಜಪ. ಹೆಣ ಎತ್ತಿದ ಕೂಡಲೇ ಒಬ್ಬರು ಒಂದೊಂದೇ ಸಂತನ ಹೆಸರು ಕೂಗುತ್ತಾರೆ, ಹಿಂದಿನವರು ಪ್ರತಿ ಹೆಸರಿಗೂ "ನಮಗಾಗಿ ಬೇಡಿಕೊ" ಎಂದು ಲ್ಯಾಟಿನ್ನಿನಲ್ಲಿ ಉತ್ತರ ಕೊಡುತ್ತಾರೆ. ಕರಂಜಿವಾಡದ ನಾಲಿಗೆಯಲ್ಲಿ ಅದು "ಓರಾ ಪೋ ನೋಬಿ" ಆಗಿತ್ತು. ಹಿರಿಯಾಯಿಯ ದಿನ ಕೂಗಿದವನು ಸೆರಾಳ ಸೋದರಮಾವ ಫ್ರಾನ್ಸಿಸ್. ಅವನಿಗೆ ಓದು ಬರುತ್ತಿರಲಿಲ್ಲ, ಪಾದ್ರಿಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದು ಇಡೀ ಪಟ್ಟಿಯನ್ನು ಕಿವಿಯಿಂದಲೇ ಕಲಿತಿದ್ದ.

ಎಂಟು ವರ್ಷದ ಸೆರಾ ಅಂದು ಅಣ್ಣ ತಂಗಿಯರ ನಡುವೆ ನಡೆದಿದ್ದಳು. ಶುರುವಿಗೇ ಪೆದ್ರುವಿನ ಹೆಸರು ಬಂತು, ಅವನು ಎದೆ ಉಬ್ಬಿಸಿದ. ನನ್ನದೂ ಈಗ ಬರುತ್ತದೆ, ಈಗ ಬರುತ್ತದೆ ಎಂದು ಸೆರಾ ಕಿವಿ ನಿಮಿರಿಸಿಕೊಂಡು ನಡೆದಳು. ಅಜ್ಜಿ ಸತ್ತ ದುಃಖ ಒಂದು ಕಡೆ, ಈ ಆಸೆ ಒಂದು ಕಡೆ. ಕೊನೆಕೊನೆಗೆ ಲುಸಿಯಾಳ ಹೆಸರು ಬಂದಾಗ ಆ ಪೋರಿ ಇವಳ ತೋಳು ಚಿವುಟಿ "ನಂದು ಬಂತ್!" ಎಂದಳು. ಇನ್ನು ನಾಲ್ಕೋ ಐದೋ ಹೆಸರು. ಅಷ್ಟರಲ್ಲಿ ಮಾವ ಸುಮ್ಮನಾದ, ಹೊತ್ತವರು ನಿಂತರು, ಮುಂದೆ ಗುಂಡಿ ಇತ್ತು. ತನ್ನ ಹೆಸರು ಬರಲೇ ಇಲ್ಲ ಎಂದು ಸೆರಾ ಅಲ್ಲೇ ಗುಂಡಿಯ ಅಂಚಿನಲ್ಲಿ ಕೂತು ಅತ್ತಳು. ಅಜ್ಜಿಗಾಗಿ ಅಳುತ್ತಿದ್ದಾಳೆಂದು ಎಲ್ಲರೂ ತಲೆ ನೇವರಿಸಿದರು. ಆ ಸುಳ್ಳಿನ ನಾಚಿಕೆ ಅವಳಿಗೆ ಅರವತ್ತೈದು ವರ್ಷವೂ ಇತ್ತು.

ಹಾಗಾಗಿ ಲೆಕ್ಕ ಸುಲಭ. ಹಿರಿಯಾಯಿಯ ಹಳೆಮನೆಯ ಹೊಸ್ತಿಲ ಕಲ್ಲು ಇನ್ನೂ ಇತ್ತು, ಗಾಡಿದಾರಿಯೂ ಇತ್ತು. ಹೊಸ್ತಿಲಿನಿಂದ ಲದೀನ್ ಶುರುಮಾಡಿ ಹೊರಟರೆ ಅದು ಮುಗಿದಲ್ಲಿ ಅಗೆಯುವುದು. ಗುರುವಾರ ಬೆಳಗ್ಗೆ ಫಾದರ್ ಇನಾಸ ಬಂದ. ಪಾದ್ರಿ ಎದುರಿಗಿರುವಾಗ ತಾನು ಬಾಯಿ ಹಾಕಬಾರದೆಂದು ಸೆರಾ ಆಯಿ ಹಿಂದೆ ನಿಂತಳು. ಫಾದರ್ ತನ್ನ ಪುಸ್ತಕ ತೆಗೆದು ಓದುತ್ತ ನಡೆದ, ಊರೆಲ್ಲ ಅವನ ಹಿಂದೆ. ಲದೀನ್ ಮುಗಿದಲ್ಲಿ ಪಕ್ಕದ ಮನೆಯ ಹಜರಾಬಿಯ ಮಗ ಕಾಶೀಮ ಗುದ್ದಲಿ ಹಾಕಿದ.

ಮಧ್ಯಾಹ್ನದವರೆಗೆ ಅಗೆದರು. ಕಲ್ಲು, ಬೇರು, ಒಂದು ಚೇಳು. ಎಡಕ್ಕೆ ಅಗೆದರು, ಬಲಕ್ಕೆ ಅಗೆದರು, ಎದೆಮಟ್ಟ ಇಳಿದರು. ಏನೂ ಇಲ್ಲ.

"ಸಾಕು ಬಿಡ್ರಿ," ಎಂದ ಪರಸಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಸೆರಾ ಆಯಿಗೆ ಹೆಚ್ಚು ನೋವು ಮಾಡಿತು. "ಆಯಿಗೆ ವಯಸ್ಸಾತು. ಆಗ ಸಣ್ಣ ಹುಡುಗಿ ಬ್ಯಾರೆ. ಇಲ್ಲಿಯ ಒಂದ್ ಹಿಡಿ ಮಣ್ಣು ತಕ್ಕೊಂಡು ಹೋಗೂಣು."

ಯಾವುದೋ ಮಣ್ಣು! ಸೆರಾ ಆಯಿ ಆ ದಿನ ಊಟ ಮಾಡಲಿಲ್ಲ. ತಾನು ಸತ್ತು ಮೇಲೆ ಹೋದಾಗ ಅಜ್ಜಿ ಒದ್ದೆ ಸೀರೆಯಲ್ಲಿ ಎದುರಿಗೆ ನಿಂತು, "ಗೊತ್ತಿದ್ದವಳು ನೀ ಒಬ್ಬಳ ಇದ್ದಿ" ಎಂದರೆ ಏನು ಉತ್ತರ ಕೊಡುವುದು? ನಿನ್ನ ಮಣ್ಣಿನ ದಿನ ನಾನು ನನ್ನ ಹೆಸರಿಗಾಗಿ ಅತ್ತೆ, ನಿನಗಾಗಿ ಅಲ್ಲ, ಅದಕ್ಕೇ ಮರೆತೆ ಎನ್ನುವುದೇ?

ಶುಕ್ರವಾರ ಬೆಳಗ್ಗೆ ಟ್ರಂಕಿಗೆ ಬಟ್ಟೆ ತುಂಬುವಾಗ ಲುಸಿಯಾಳ ಜಪಸರ ಕೈಗೆ ಸಿಕ್ಕಿತು. ಲುಸಿಯಾ ಹೋಗಿ ಹತ್ತು ವರ್ಷವಾಗಿತ್ತು. ಸೆರಾ ಆಯಿ ಮಣಿ ಸರಿಸುತ್ತ ಸುಮ್ಮನೆ ಮಾವನ ಪಟ್ಟಿಯನ್ನೇ ಗೊಣಗಿದಳು. ಪೆದ್ರು ಆಯಿತು, ಆಂದ್ರು ಆಯಿತು, ನಡುವಿನವರೆಲ್ಲ ಆದರು, ಮಾಗ್ದಲೀನಾ, ಆಗಾತಾ, ಲುಸಿಯಾ. ಅವಳ ಕೈ ನಿಂತಿತು.

ಅಂಗಳಕ್ಕೆ ಓಡಿ ಬಂದು ಕೂಗಿದಳು. "ಹಜರಾಬಿ! ಏ ಹಜರಾಬಿ! ನಿನ್ನಿ ಫಾದರ್ ಲುಸಿಯಾನ ಹೆಸರ ತಗೀಲಿಲ್ಲ! ನನ್ನ ತೋಳು ಯಾರೂ ಚಿವುಟಲಿಲ್ಲಬೇ!"

ಹಜರಾಬಿ, ಅವಳ ಓರಗೆಯವಳು, ಬೇರೆ ಊರಿನಿಂದ ಈ ಕೇರಿಗೆ ಸೊಸೆಯಾಗಿ ಬಂದ ಜೀವದ ಗೆಳತಿ, ಕೋಳಿ ಬುಟ್ಟಿ ಕಟ್ಟುವುದನ್ನು ಬಿಟ್ಟು ಬಂದಳು. ಗೆಳತಿಗೆ ತಲೆ ಕೆಟ್ಟಿತೆಂದೇ ಅವಳಿಗೆ ಗಾಬರಿಯಾಯಿತು. ಆದರೆ ಸೆರಾ ಆಯಿಯ ತಲೆ ಅಂದಿನಷ್ಟು ಸರಿ ಎಂದೂ ಇರಲಿಲ್ಲ. ಫಾದರ್‌ನನ್ನು ಕರೆಸಿ ಕೇಳಿದಾಗ ಅವನು ಹಣೆ ಹಣೆ ಬಡಿದುಕೊಂಡ. ಅವನ ಕೈಯಲ್ಲಿದ್ದದ್ದು ಹೊಸ ಪುಸ್ತಕ. ರೋಮಿನವರು ಹದಿನೈದು ವರ್ಷದ ಹಿಂದೆ ಪಟ್ಟಿಯನ್ನು ಕತ್ತರಿಸಿ ಗಿಡ್ಡ ಮಾಡಿದ್ದರು. ಆಗಾತಾ ಇಲ್ಲ, ಲುಸಿಯಾ ಇಲ್ಲ, ಇನ್ನೂ ಎಷ್ಟೋ ಮಂದಿ ಇಲ್ಲ. ಊರೆಲ್ಲ ಅರ್ಧ ದಾರಿಯಲ್ಲೇ ನಿಂತು ಅಗೆದಿತ್ತು!

"ಹಳೇದು ನನಗ ಬರಂಗಿಲ್ಲ, ಆಯಿ," ಎಂದ ಫಾದರ್. "ನೀವ ಹೇಳ್ರಿ."

ಹೀಗೆ ಶನಿವಾರ ಬೆಳಗ್ಗೆ ಸೆರಾ ಆಯಿ ಹೊಸ್ತಿಲ ಕಲ್ಲಿನ ಮೇಲೆ ನಿಂತಳು. ಈ ಸಲ ಎಲ್ಲವೂ ಅವಳು ಹೇಳಿದ ಹಾಗೇ ಆಗಬೇಕಿತ್ತು. ಕೈಬೀಸಿಕೊಂಡು ನಡೆದರೆ ಹೆಜ್ಜೆ ದೊಡ್ಡದಾಗುತ್ತದೆ, ಹೊತ್ತುಕೊಂಡೇ ನಡೆಯಬೇಕು ಎಂದು ಹೊರಸು ತರಿಸಿದಳು. ಬರಿ ಹೊರಸು ಸಾಲದು, ಭಾರ ಬೇಕು.

"ನಾ ಮಲಗ್ತೇನಿ ತಗೋ," ಎಂದಳು ಹಜರಾಬಿ. "ನನಗೂ ಆಕಿ ಅಜ್ಜಿನ ಅಲ್ಲೇನು? ಜೀವ ಇದ್ದಾಗ ಒಮ್ಮೆ ಪುಕ್ಕಟೆ ಸವಾರಿ ಆಗ್ಲಿ."

"ಅಮ್ಮಾ, ಮಂದಿ ನಗ್ತಾರ," ಎಂದ ಕಾಶೀಮ.

"ನಗ್ಲಿ. ನೀ ಎಡಗಡೆ ಕಾಲು ಹಿಡಿ."

ನಾಲ್ವರು ಹೊರಸು ಎತ್ತಿದರು. ಮೇಲೆ ಹಜರಾಬಿ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ನಗು ತಡೆದುಕೊಂಡು ಮಲಗಿದಳು. ಸೆರಾ ಆಯಿ ಮುಂದೆ ನಡೆದು ಮಾವನ ರಾಗದಲ್ಲಿ ಹೆಸರು ಹಿಡಿದಳು. ಪಾದ್ರಿ ಹಿಂದೆ ನಿಂತು ಮಿಕ್ಕವರಂತೆ "ಓರಾ ಪೋ ನೋಬಿ" ಎಂದ, ಪರಸಪ್ಪ ಎಂದ, ಹೊರಸಿನ ಮೇಲಿನ ಹೆಣವೂ ಎಂದಿತು. ಗುರುವಾರದ ಗುಂಡಿ ದಾಟಿತು. ದಾರಿ ಹಳ್ಳದ ಕಡೆ ಇಳಿಯಿತು. ಲುಸಿಯಾ ಎನ್ನುವಾಗ ಮುದುಕಿಯ ಬಲಗೈ ಎಡತೋಳನ್ನು ಹಿಡಿದುಕೊಂಡಿತು. ಕೊನೆಯ ಹೆಸರು ಅನಸ್ತಾಸಿಯಾ. ಅವಳು ಸುಮ್ಮನಾಗಿ ನಿಂತಳು.

"ಇಲ್ಲೆ. ಎಡಗೈಯಾಗ ತಾಮ್ರದ ಬಳಿ ಇತ್ತು. ತಗೀಬ್ಯಾಡ ಅಂತ ಅಜ್ಜಿನ ಹೇಳಿದ್ಲು."

ಎರಡಾಳು ಉದ್ದ ಅಗಲ ಅಗೆದು, ಸೊಂಟದ ಮಟ್ಟ ಇಳಿದಾಗ ಮಣ್ಣಿನ ಬಣ್ಣ ಬದಲಾಯಿತು. ಕಾಶೀಮ ಗುದ್ದಲಿ ಬಿಟ್ಟು ಕೈಯಲ್ಲಿ ಕೆದರಿದ. ಮೊದಲು ಹಸಿರುಗಟ್ಟಿದ ಬಳೆ ಬಂತು, ಆಮೇಲೆ ನಾಲ್ಕಾರು ಹಲ್ಲು, ಮುಟ್ಟಿದರೆ ಪುಡಿಯಾಗುವ ಒಂದೆರಡು ಎಲುಬು. ಪರಸಪ್ಪ ತಲೆಯ ರುಮಾಲು ತೆಗೆದ. ಹಜರಾಬಿ ತನ್ನ ದುಪಟ್ಟಾ ಹಾಸಿದಳು, ಎಲ್ಲವನ್ನೂ ಅದರಲ್ಲಿಟ್ಟು ಹೊಸ ಗಡಿಗೆಗೆ ತುಂಬಿದರು. ಸೆರಾ ಆಯಿ ಗುಂಡಿಯ ಅಂಚಿನಲ್ಲಿ ಕೂತು ಅತ್ತಳು. ಈ ಸಲ ಅಜ್ಜಿಗಾಗಿಯೇ ಅತ್ತಳು, ಬೇರೆ ಯಾವುದಕ್ಕೂ ಅಲ್ಲ.

ಸೋಮವಾರ ಲಾರಿ ಬಂತು. ಡ್ರೈವರನ ಪಕ್ಕದ ಸೀಟಿನಲ್ಲಿ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸೆರಾ ಆಯಿ ಕೂತಳು. ದಾಂಡೇಲಿ ಬರುವ ತನಕ ದಾರಿಯುದ್ದಕ್ಕೂ ಅಜ್ಜಿಗೆ ಅದೂ ಇದೂ ತೋರಿಸಿದಳಂತೆ. "ಇದು ಕಾಗದ ಮಾಡೂ ಮಿಲ್ಲು ನೋಡಬೇ ಅಜ್ಜಿ, ವಾಸನಿ ಬಂದ್ರ ಮೂಗು ಮುಚ್ಚಿಕೋ."

ಹೊಸ ಜಾಗದಲ್ಲಿ ಮನೆಗಳು ಏಳುವ ಮೊದಲೇ ಹಿರಿಯಾಯಿಗೆ ಜಾಗ ಮಾಡಬೇಕೆಂದು ಪರಸಪ್ಪ ಗೊತ್ತುಮಾಡಿದ. ಮಣ್ಣಿನ ದಿನ ಫಾದರ್ ಇನಾಸ ಹಳಿಯಾಳದಿಂದ ಎರಡು ವಸ್ತು ತಂದ. ಒಂದು, ಯಾವುದೋ ಇಗರ್ಜಿಯ ಕಪಾಟಿನಿಂದ ಹುಡುಕಿ ತೆಗೆದ, ರಟ್ಟು ಹರಿದ ಹಳೆಯ ಲ್ಯಾಟಿನ್ ಪುಸ್ತಕ. ಇನ್ನೊಂದು, ಪುಣೆಯ ಗುರುಗಳ ಕಾಗದ. ಗಡಿಗೆಯ ಪಕ್ಕದಲ್ಲಿ ಕೂತಿದ್ದ ಸೆರಾ ಆಯಿಯ ಹತ್ತಿರ ಅವನೂ ನೆಲದ ಮೇಲೆ ಕೂತ.

"ಆಯಿ, ನಿಮ್ಮ ಸೆರಾ ಏನ್ ಮಾಡಿದ್ಲು ಅಂತ ಗೊತ್ತಾತು. ಬೈಬಲಿನಾಗ ಇಲ್ಲ. ಯೆಹೂದಿ ಮಂದಿ ತಮ್ಮತಮ್ಮೊಳಗ ಹೇಳಿಕೋತ ಬಂದ ಹಳೇ ಕತಿ. ಆಕಿ ಭಾಳ ವರ್ಷ ಬದುಕಿದ್ಲಂತ. ಐಗುಪ್ತಕ್ಕ ಹೋಗೂ ಪಟ್ಟಿಯೊಳಗೂ ಆಕಿನ, ಬಿಟ್ಟು ಬಂದ ಪಟ್ಟಿಯೊಳಗೂ ಆಕಿನ."

"ನಾಕುನೂರು ವರ್ಷ?"

"ಹೂಂ. ಅವರ ಹಿರಿಯ ಯೋಸೇಫ ಸಾಯೂಮುಂದ ಮಾತು ತಕ್ಕೊಂಡಿದ್ದ, ನೀವು ಈ ದೇಶ ಬಿಟ್ಟು ಹೋಗೂಮುಂದ ನನ್ನ ಎಲುಬು ಇಲ್ಲೆ ಬಿಡಬ್ಯಾಡ್ರಿ ಅಂತ. ಹೊಂಡೂ ದಿನ ಬಂತು. ಎಲ್ಲಿ ಇಟ್ಟಾರ, ಯಾರಿಗೂ ಗೊತ್ತಿಲ್ಲ. ಮೋಶೆ ಹುಡುಕಿ ಹುಡುಕಿ ಸಾಕಾದ. ಅಷ್ಟು ಮಂದಿಯೊಳಗ ನೋಡಿದಾಕಿ ಒಬ್ಬ ಮುದುಕಿ ಉಳದಿದ್ಲು. ಆಕಿ ಬಂದು ತೋರಿಸಿದ್ಲು."

ಸೆರಾ ಆಯಿಯ ಕೈ ಗಡಿಗೆಯ ಕಂಠದ ಮೇಲೆ ನಿಂತಿತು. "ಎಲ್ಲಿತ್ತಂತ್ರಿ?"

"ನದಿಯೊಳಗ. ನೀರಿನ ತಳದಾಗ."

ಮುದುಕಿ ನಾಲ್ಕೂ ಹಲ್ಲು ಕಾಣಿಸುವಂತೆ ನಕ್ಕಳು. "ಆಕಿಗೆ ತಡಾ ಆತು ಬಿಡ್ರಿ. ನಾ ನೀರ ಬರೂಕ್ಕಿಂತ ಮೊದ್ಲ ತಗದ್ನಿ."

ಹೊಸ ಊರಿನ ಸ್ಮಶಾನ ದೂರ, ರಸ್ತೆ ದಾಟಿ ದಿಬ್ಬದ ಮೇಲೆ. ಕಾಶೀಮ ಗಡಿಗೆ ಹೊತ್ತ. ಫಾದರ್ ಹರಿದ ಪುಸ್ತಕ ಹಿಡಿದು ಹಳೆಯ ಲದೀನನ್ನೇ ಕೂಗಿದ. ಸೆರಾ ಆಯಿ ಹಜರಾಬಿಯ ಕೈ ಹಿಡಿದು ಹಿಂದೆ ನಡೆದಳು. ಪೆದ್ರು ಬಂತು. ದಿಬ್ಬದ ಏರಿನಲ್ಲಿ ಲುಸಿಯಾ ಬಂತು, ಹಜರಾಬಿ ಗೆಳತಿಯ ತೋಳು ಮೆತ್ತಗೆ ಚಿವುಟಿದಳು. ಅನಸ್ತಾಸಿಯಾ ಬಂತು. ಪಟ್ಟಿ ಮುಗಿಯಿತು, ಆದರೆ ಗುಂಡಿ ಇನ್ನೂ ಮೂವತ್ತು ಹೆಜ್ಜೆ ಮುಂದಿತ್ತು.

ಸೆರಾ ಆಯಿ ತಲೆಯೆತ್ತಿ ಗುಂಡಿಯ ಕಡೆ ನೋಡಿದಳು. ಹಿರಿಯಾಯಿಯನ್ನು ಹೆಸರಿಲ್ಲದ ದಾರಿಯಲ್ಲಿ ಸುಮ್ಮನೆ ಹೊತ್ತುಕೊಂಡು ಹೋಗುವುದೇ? ಲದೀನ್ ಸಾಲದೆ ಹೋದದ್ದು ಅವಳ ಆಯುಷ್ಯದಲ್ಲೇ ಇರಲಿಲ್ಲ. ಮೊದಲಿನಿಂದ ಶುರುಮಾಡಿರೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫಾದರ್ ಇನಾಸ ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡು, ನಡಿಗೆ ನಿಲ್ಲಿಸದೆ, ಅದೇ ರಾಗದಲ್ಲಿ ಕೂಗಿದ.

"ಸಾಂತಾ ಸೆರಾ!"

"ಓರಾ ಪೋ ನೋಬಿ," ಎಂದಿತು ಊರು.

ಇನ್ನೂ ದಾರಿ ಇತ್ತು. ಬೇರೆ ಹೆಸರು ಇರಲಿಲ್ಲ. ಅವನು ಅದನ್ನೇ ಮತ್ತೆ ಕೂಗಿದ, ಊರು ಮತ್ತೆ ಬೇಡಿಕೊಂಡಿತು. ಪರಸಪ್ಪ ಬೇಡಿಕೊಂಡ, ಕಾಶೀಮ ಬೇಡಿಕೊಂಡ, ಹಜರಾಬಿ ಎಲ್ಲರಿಗಿಂತ ಜೋರಾಗಿ ಬೇಡಿಕೊಂಡಳು. ಗುಂಡಿ ಮುಟ್ಟುವವರೆಗೆ ಆ ದಿಬ್ಬದ ಮೇಲೆ ಆ ಹೆಸರೊಂದೇ ಕೇಳಿಸಿತು. ಅರವತ್ತೈದು ವರ್ಷದಿಂದ ಒಬ್ಬ ಸಂತನಿಗೂ ಉತ್ತರ ಕೊಡುವುದನ್ನು ತಪ್ಪಿಸದಿದ್ದ ಸೆರಾ ಆಯಿ ಅಂದು ಒಂದು ಸಲವೂ ಉತ್ತರ ಕೊಡಲಿಲ್ಲ. ಎಂಟು ವರ್ಷದ ಹುಡುಗಿಯ ಹಾಗೆ ಕಿವಿ ನಿಮಿರಿಸಿಕೊಂಡು, ಬಾಯಿ ಬಿಟ್ಟುಕೊಂಡು, ಕೇಳುತ್ತ ನಡೆದಳು.